ನಕ್ಕವರ ಕಣ್ಣಿಗೆ

"ಕತ್ತಲಾದ್ಮೇಲೆ ನಾನು ಎಡವಿದ್ರೂ, ಬಿದ್ರೂ ನಗಬೇಡ ಕಣೇ. ನಮ್ಮಜ್ಜಿ ಯಾರೋ ಇರುಳುಗುರುಡಿಯನ್ನ ಆಡ್ಕೊಂಡು ಮಾಟ ಹಾಕಿಸ್ಕೊಂಡ್ಳು. ಅಜ್ಜಿ ಎಡವಿದ್ದಕ್ಕೆ ಚಿಕ್ಕೋಳಿದ್ದಾಗ ನಾನು ನಕ್ಕೆ, ನಂಗೆ ಬಂತು. ನಕ್ಕೋರ ಕಣ್ಣಿಗೆ ಅದು ಹತ್ತುತ್ತೆ."

ಗಂಡನ ಅಕ್ಕನ ಮಾತಿಗೆ ಹೊಸ ಸೊಸೆ ತುಟಿ ಕೊಂಕಿಸಿದಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು ಅವಳು. "ಮಾಟವೂ ಇಲ್ಲ, ಮಣ್ಣೂ ಇಲ್ಲ ಅಕ್ಕ. ಎ ಜೀವಸತ್ವ ಕಮ್ಮಿ ಆಗಿರುತ್ತೆ. ಇಲ್ಲಾಂದ್ರೆ ಕಣ್ಣಿನ ಪರದೆ ಸವೆದಿರುತ್ತೆ, ವಂಶದಲ್ಲೇ ಬಂದಿರುತ್ತೆ."

ಅದೇ ಸಂಜೆ, ಗೋಡೆ ತಡವುತ್ತ ಬಂದ ಅಕ್ಕ ನೆಲ ಒರೆಸುವ ಬಕೆಟ್ಟಿನೊಳಗೆ ಕಾಲಿಟ್ಟು ಮಗುಚಿ ಬಿದ್ದಳು. ಫಿನಾಯಿಲಿನ ಘಾಟು ಮನೆ ತುಂಬಿತು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗು ಮುಗಿಯುವ ಮೊದಲೇ ಬಲ್ಬು ಮಂಕಾಯಿತು. ಗೋಡೆ ಕರಗಿತು. ಕತ್ತಲು ಒದ್ದೆ ಬಟ್ಟೆಯಂತೆ ಮುಖಕ್ಕೆ ಮೆತ್ತಿಕೊಂಡಿತು.

ಎದುರಿನಿಂದ ಅಕ್ಕನ ಅಳು ಕೇಳಿಸಿತು. "ಅಯ್ಯೋ, ನಂಗೆ ಕಾಣ್ತಿದೆ... ಯಾಕೆ ನಕ್ಕೆ? ಯಾಕೇ ನಕ್ಕೆ?"

ಹಗಲಲ್ಲಿ ಎಲ್ಲ ನಿಚ್ಚಳ. ಹೊತ್ತು ಮುಳುಗಿದರೆ ಏನೂ ಇಲ್ಲ. ಸೊಸೆ ಕದ್ದುಮುಚ್ಚಿ ಮಾತ್ರೆ ನುಂಗಿದಳು. ದೊಡ್ಡ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಪರದೆ ಸರಿಯಿದೆ, ರಕ್ತವೂ ಸರಿಯಿದೆ, ಕಾರಣವೇ ಸಿಗುತ್ತಿಲ್ಲ ಎಂದರು. ಅಷ್ಟೆಲ್ಲ ಪಾಠ ಹೇಳಿದವಳು ಗಂಡನಿಗೆ ಯಾವ ಬಾಯಲ್ಲಿ ಹೇಳುವುದು? ಹೇಳಬೇಡವೆಂದು ಅಕ್ಕನ ಕೈ ಹಿಡಿದುಕೊಂಡಳು.

"ಇನ್ನೊಬ್ರು ನಕ್ರೆ ನಿನ್ನ ಬಿಟ್ಟುಹೋಗುತ್ತೆ," ಎಂದಳು ಅಕ್ಕ. "ಆದ್ರೆ ಇಷ್ಟು ವರ್ಷ ನಾನು ಯಾರನ್ನೂ ನಗೋಕೆ ಬಿಡ್ಲಿಲ್ಲ."

ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಆದರೂ ಸೊಸೆಯ ತಲೆಯಲ್ಲಿ ಉಳಿದದ್ದು ಮೊದಲ ಅರ್ಧವೇ.

ಪಕ್ಕದ ಮನೆಯಾಕೆ ಸಂಜೆ ಹರಟೆಗೆ ಬರುವವಳು. ಸಣ್ಣದಕ್ಕೂ ಕಿಸಕ್ಕೆನ್ನುವವಳು. ಸೊಸೆ ಕಾದು ನಿಂತಳು. ಗೇಟು ಕಿರುಗುಟ್ಟಿತು. ಹೆಜ್ಜೆ. ಹತ್ತಿರ. ಇನ್ನೂ ಹತ್ತಿರ. ಅವಳು ಗೂಟಕ್ಕೆ ನೇತುಹಾಕಿದ್ದ ರೇನ್‌ಕೋಟಿನ ಕಡೆ ಬೇಕೆಂದೇ ತಿರುಗಿದಳು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಕಾಫಿ ತರ್ಲಾ?"

ನಗು ಸಿಡಿಯಿತು. ಗಂಡಸಿನ ನಗು. ಆಮೇಲಷ್ಟೇ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು.

"ಲೇ, ಕೋಟಿಗೆ ಕಾಫಿ ಕೊಡ್ತೀಯೇನೇ?"

"ನಗಬೇಡಿ!"

ತಡವಾಗಿತ್ತು. ಬೆಳಕು ಧಪ್ಪನೆ ಮರಳಿತು. ಗೂಟ ಕಂಡಿತು. ಗೋಡೆ ಕಂಡಿತು. ಊಟದ ಡಬ್ಬಿ ಒಯ್ಯಲು ಬಂದ ಗಂಡ ಕಂಡ. ರಾತ್ರಿ ಲಾರಿ ಓಡಿಸುವವನು. ನಗು ಅರ್ಧಕ್ಕೇ ನಿಂತಿತ್ತು. ಕೈ ಗಾಳಿಯನ್ನು ತಡವುತ್ತಿತ್ತು.

"ಕರೆಂಟ್ ಹೋಯ್ತಾ?"

ನೆತ್ತಿಯ ಮೇಲೆ ಬಲ್ಬು ಝಗಝಗ ಉರಿಯುತ್ತಿತ್ತು. ರಸ್ತೆಯ ತಿರುವಿನಲ್ಲಿ ಲಾರಿ ಕಾಯುತ್ತಿತ್ತು. ಅವಳು ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡಳು. ಅವನಿಗೆ ಅವಳ ಮುಖ ಕಾಣುವಂತಿರಲಿಲ್ಲ. ಆದರೂ ಎರಡೂ ಕೈಯಿಂದ ಮುಚ್ಚಿಕೊಂಡಳು.