ಎಡಗಾಲಿನ ಒಳಅಂಚು

"ಇದಕ್ಕೆ ಸ್ವಲ್ಪ ಸಾಣೆ ಹಿಡಿದು ಕೊಡ್ತೀಯಾ?"

ಮೇಜಿನ ಮೇಲೆ ಒಂದು ಜೊತೆ ಸ್ಕೇಟ್ ಬಂದು ಕೂತಿತು. ಟೂವಾ ತಲೆ ಎತ್ತಲಿಲ್ಲ. ಆ ದನಿ ಅವಳಿಗೆ ಗೊತ್ತಿತ್ತು...

ಮೆಲ್ಕರ್!

ಎರಡು ಚಳಿಗಾಲದ ಹಿಂದೆ ಐಸ್ ಹಾಕಿ ಪಂದ್ಯವೊಂದರಲ್ಲಿ ಎದುರಾಳಿ ತಂಡದಲ್ಲಿದ್ದು, ಅವಳ ಅಣ್ಣ ಲುಡ್ವಿಗ್‌ನನ್ನು ಐಸ್ ಮೇಲೆ ಕೆಡವಿದವನು. ಅಂದು ಬಿದ್ದ ಲುಡ್ವಿಗ್ ಇನ್ನೂ ಪರದೆ ಎಳೆದ ಕೋಣೆಯಲ್ಲೇ ಇದ್ದಾನೆ. ಬೆಳಕು ತಾಗಿದರೆ ವಾಂತಿ. ಚಮಚ ಬಿದ್ದ ಸದ್ದಿಗೂ ತಲೆ ಹಿಡಿದುಕೊಳ್ಳುತ್ತಾನೆ.

ಈಗ ಅಣ್ಣ ಆಡುತ್ತಿದ್ದ ಎಲ್ವ್‌ಸುಂಡ್ ಕ್ಲಬ್ ಅದೇ ಮನುಷ್ಯನನ್ನು ತನ್ನ ತಂಡಕ್ಕೆ ಕರೆತಂದಿತ್ತು. ಅವನ ಸ್ಕೇಟಿಗೆ ಸಾಣೆ ಹಿಡಿಯುವ ಕೆಲಸ ಅವಳದು!

"ನಾನು ಯಾರ ತಂಗಿ ಅಂತ ಗೊತ್ತಲ್ವಾ?"

"ಗೊತ್ತು."

"ಆದ್ರೂ ನನ್ನ ಕೈಗೆ ಕೊಡ್ತಿದ್ದೀಯಾ?"

ಅವನು ಸ್ಕೇಟನ್ನು ಅವಳತ್ತ ಸರಿಸಿದ. ಮೂಲೆಯಲ್ಲಿ ಕೈಗವಸು ಹೊಲಿಯುತ್ತಿದ್ದ ಸಲಕರಣೆ ಕೋಣೆಯ ಮೇಲ್ವಿಚಾರಕ, ಮುದುಕ ಬಿರ್ಗರ್ ನಕ್ಕ. "ಹುಷಾರು ಮೆಲ್ಕರ್! ಇವಳ ನಾಲಿಗೆ ಈ ಸಾಣೆ ಯಂತ್ರಕ್ಕಿಂತ ಹರಿತ."

'ಕಾಯ್ತೀನಿ...' ಟೂವಾ ಅಂದುಕೊಂಡಳು. 'ನೀನೂ ಒಂದು ದಿನ ಬೀಳಬೇಕು. ಎಲ್ಲರೂ ನೋಡ್ತಿರುವಾಗ.'

ಡಿಸೆಂಬರ್ ಹೊತ್ತಿಗೆ ತಂಡದಲ್ಲಿ ಅತಿ ಹೆಚ್ಚು ಅಂಕ ಅವನದೇ. ಹಾಗಾಗಿ ವಾಡಿಕೆಯಂತೆ ಚಿನ್ನದ ಬಣ್ಣದ ಹೆಲ್ಮೆಟ್ ಕೂಡ ಅವನ ಪಾಲಾಯಿತು. ಒಂದು ಕಾಲಕ್ಕೆ ಲುಡ್ವಿಗ್‌ನ ತಲೆಯ ಮೇಲಿದ್ದದ್ದು. ಅದರ ಪಟ್ಟಿಯನ್ನು ಮೆಲ್ಕರ್‌ನ ಗದ್ದಕ್ಕೆ ಸರಿಹೊಂದಿಸುವಾಗ ಟೂವಾ ಕೊಂಡಿಯನ್ನು ಎರಡು ಸಲ ತಪ್ಪಾಗಿ ಹಾಕಿದಳು. ಕೋಪಕ್ಕೆ. ಕೋಪಕ್ಕೆ ಮಾತ್ರವೇ?

ಅಭ್ಯಾಸ ಮುಗಿದ ಮೇಲೆ ಅವನು ಕಾಫಿ, ದಾಲ್ಚಿನ್ನಿ ಬನ್ ಹಿಡಿದು ಬರುತ್ತಿದ್ದ. ಬೋರಲು ಹಾಕಿದ ಬಕೆಟ್ ಮೇಲೆ ಕೂತು ಸುಮ್ಮನೆ ಕುಡಿಯುತ್ತಿದ್ದ. ಒಂದು ಬನ್ ಅವಳ ಮೇಜಿನ ಮೇಲೆ ಉಳಿಯುತ್ತಿತ್ತು. ಅವಳು ಅದನ್ನು ಕಸದ ಡಬ್ಬಿಗೆ ಹಾಕುತ್ತಿದ್ದಳು.

ಒಂದು ದಿನ ತಿಂದುಬಿಟ್ಟಳು.

'ಅಣ್ಣ ಕತ್ತಲಲ್ಲಿದ್ದಾನೆ... ನಾನಿಲ್ಲಿ ಇವನ ಬನ್ ತಿಂತಿದ್ದೀನಿ!' ತನ್ನ ಮೇಲೆಯೇ ಹೇಸಿಗೆಯಾಯಿತು. ಸಿಟ್ಟು ತಡೆಯದೆ ಕೇಳಿಯೇ ಬಿಟ್ಟಳು.

"ಆ ದಿನದ ಬಗ್ಗೆ ನಿಂಗೆ ಏನೂ ಹೇಳೋಕಿಲ್ವಾ? ಕ್ಷಮಿಸು ಅಂತಾದ್ರೂ?"

ಮೆಲ್ಕರ್ ಲೋಟದೊಳಗೆ ನೋಡುತ್ತಾ ಕೂತ. "ಹೇಳೋಕಾಗಲ್ಲ, ಟೂವಾ."

ಅಷ್ಟೇ. ಆ ಉತ್ತರ ಅವಳೊಳಗೆ ಹೆಪ್ಪುಗಟ್ಟಿತು.

ಫೈನಲ್ ಸರಣಿಯ ಕೊನೆಯ ಪಂದ್ಯದ ದಿನ ಬಂತು. ಮಧ್ಯಾಹ್ನ ಬಿರ್ಗರ್ ಊಟಕ್ಕೆ ಹೋದಾಗ, ಅವಳು ಮೆಲ್ಕರ್‌ನ ಎಡ ಸ್ಕೇಟ್ ತೆಗೆದು ಅಲಗಿನ ಒಳಅಂಚಿಗೆ ಕಲ್ಲು ಎಳೆದಳು. ನಿಧಾನವಾಗಿ... ಅಂಚಿನ ಹರಿತ ಸಾಯುವವರೆಗೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ವೇಗದಲ್ಲಿ ಅದರ ಮೇಲೆ ಭಾರ ಹಾಕಿದ ಕೂಡಲೇ ಕಾಲು ಜಾರುತ್ತದೆ. ಚಿನ್ನದ ಹೆಲ್ಮೆಟ್ ಐಸಿಗೆ ಬಡಿಯುತ್ತದೆ.

ರಸ್ತೆ ದಾಟಿದರೆ ಮನೆ. ಅವಳು ಲುಡ್ವಿಗ್‌ನ ಹಾಸಿಗೆಯ ಅಂಚಿನಲ್ಲಿ ಕೂತು ಪಿಸುಗುಟ್ಟಿದಳು. "ಲುಡ್ಡೆ, ಇವತ್ತು ಮೆಲ್ಕರ್ ಬೀಳ್ತಾನೆ. ಅವನ ಸ್ಕೇಟ್ ಕೆಡಿಸಿ ಬಂದಿದ್ದೀನಿ."

ಲುಡ್ವಿಗ್ ದಡಕ್ಕನೆ ಎದ್ದು ಕೂತ. "ಹುಚ್ಚು ಹಿಡಿದಿದೆಯಾ ನಿಂಗೆ? ಅವನು ನನಗೇನೂ ಮಾಡಿಲ್ಲ!"

"ಏನು?"

"ಭುಜ ತಾಗಿತು, ಅಷ್ಟೇ. ಅದಕ್ಕೂ ಹಿಂದಿನ ವಾರವೇ ನಂಗೆ ತಲೆಗೆ ಪೆಟ್ಟು ಬಿದ್ದಿತ್ತು. ಎಲ್ಲಾ ಎರಡೆರಡಾಗಿ ಕಾಣ್ತಿತ್ತು. ಅದನ್ನ ಯಾರಿಗೂ ಹೇಳ್ಲಿಲ್ಲ."

"ಆ ಪೆಟ್ಟಾದ ಮೇಲೆ ಡಾಕ್ಟರ್ ಪರೀಕ್ಷೆ ಮಾಡಿದ್ರಲ್ಲ... ಪಾಸಾದೆ ಅಂದಿದ್ದೆ..."

ಅವನು ಮುಖ ತಿರುಗಿಸಿದ. "ಹೇಗೆ ಪಾಸಾದೆ ಅಂತ ನಿಂಗೇ ಗೊತ್ತು, ಟೂವಾ."

ಗೊತ್ತಿತ್ತು...

ಸೀಸನ್ ಶುರುವಾಗುವ ಮೊದಲು ಆಟಗಾರರ ನೆನಪು, ಚುರುಕು ಎಲ್ಲ ಅಳೆದಿಡುತ್ತಾರೆ. ಆಮೇಲೆ ಪೆಟ್ಟು ಬಿದ್ದರೆ ಅದಕ್ಕೇ ಹೋಲಿಸಿ ನೋಡುತ್ತಾರೆ. ಮೊದಲೇ ದಡ್ಡನಂತೆ ಉತ್ತರ ಕೊಟ್ಟರೆ, ಆಮೇಲೆ ಮಂಕಾದರೂ ಯಾರಿಗೂ ತಿಳಿಯದು. ಆ ಬೇಸಿಗೆ ಅಡುಗೆಮನೆಯಲ್ಲಿ ನಗುನಗುತ್ತಾ ಅಣ್ಣನಿಗೆ ತಪ್ಪು ಉತ್ತರ ಅಭ್ಯಾಸ ಮಾಡಿಸಿದ್ದು ಅವಳೇ!

"ಆಸ್ಪತ್ರೆಗೆ ಬಂದ ಮೆಲ್ಕರ್ ಹತ್ರ ಎಲ್ಲಾ ಹೇಳ್ದೆ," ಲುಡ್ವಿಗ್ ಕಣ್ಣು ಮುಚ್ಚಿದ. "ನನ್ನ ತಂಗಿಗೆ ಗೊತ್ತಾದ್ರೆ ಅವಳು ಬದುಕಲ್ಲ, ಸುಮ್ಮನಿರು ಅಂತ ಬೇಡಿಕೊಂಡೆ. ಮಾತು ಕೊಟ್ಟ... ಓಡು, ಟೂವಾ!"

ಅವಳು ಕೋಟು ಹಾಕದೆ ಓಡಿದಳು.

ಪಂದ್ಯಕ್ಕೆ ಮುಂಚಿನ ಅಭ್ಯಾಸ ಶುರುವಾಗಿತ್ತು. ದೂರದ ತಿರುವಿನಲ್ಲಿ ಚಿನ್ನದ ಹೆಲ್ಮೆಟ್ ವಾಲಿತು; ಮೆಲ್ಕರ್ ಜಾರಿ ಮೊಣಕಾಲೂರಿ, ಎದ್ದ.

"ಮೆಲ್ಕರ್!"

ಅವನು ಬೆಂಚಿನ ಬಳಿ ಬಂದ.

"ಎಡಗಾಲು... ಬಿಚ್ಚು... ನಾನು..."

"ಗೊತ್ತು. ಕಾಲಿಟ್ಟ ಕೂಡಲೇ ಗೊತ್ತಾಯ್ತು."

"ಮತ್ತೆ ಯಾಕೆ ಬಿರ್ಗರ್‌ಗೆ ಹೇಳ್ಲಿಲ್ಲ?"

"ನಿನ್ನ ಕೆಲಸ ಹೋಗ್ತಿತ್ತು. ಒಂದ್ಸಲ ಬಿದ್ರೆ ನಿನ್ನ ಸಿಟ್ಟಾದ್ರೂ ಇಳಿಯುತ್ತೇನೋ ಅಂದ್ಕೊಂಡೆ."

ಅವಳು ಮೊಣಕಾಲೂರಿ ಅವನ ಸ್ಕೇಟ್ ಬಿಚ್ಚಿದಳು. ಒಳಗೆ ಓಡಿ, ಅಳುತ್ತಲೇ ಸಾಣೆ ಹಿಡಿದಳು. ಹೊಸ ಅಂಚನ್ನು ಉಗುರಿಗೆ ತಾಗಿಸಿ ನೋಡಿದಳು. ಉಗುರಿನ ತೆಳುವಾದ ಬಿಳಿ ಸಿಪ್ಪೆ ಎದ್ದಿತು; ಅಂಚು ಹರಿತವಾಗಿತ್ತು.

ತಿರುಗಿ ಬಂದು ತಾನೇ ದಾರ ಬಿಗಿದಳು.

"ಲುಡ್ವಿಗ್ ಎಲ್ಲಾ ಹೇಳ್ದ. ಊರೆಲ್ಲಾ ನಿನ್ನ ಬೈತಿತ್ತು. ನಾನೂ... ಒಂದು ಮಾತು ಹೇಳ್ಬಾರ್ದಿತ್ತಾ?"

ಮೆಲ್ಕರ್ ಅವಳ ಬಗ್ಗಿದ ತಲೆಯನ್ನೇ ನೋಡಿದ. "ನೀನು ನಿನ್ನನ್ನೇ ದ್ವೇಷಿಸೋದಕ್ಕಿಂತ, ನನ್ನ ದ್ವೇಷಿಸೋದು ವಾಸಿ ಅನ್ನಿಸ್ತು."

ಅವಳ ಕೈ ನಿಂತಿತು. ಆಮೇಲೆ ದಾರದ ಗಂಟು ಬಿಗಿದಳು.

"ಆಟ ಮುಗಿದ ಮೇಲೆ ಮನೆಗೆ ಬಾ," ಕೊನೆಗೆ ಅಂದಳು. "ಲುಡ್ವಿಗ್ ಕಾಯ್ತಿರ್ತಾನೆ."

"ಲುಡ್ವಿಗ್ ಮಾತ್ರನಾ?"

"ಅಲ್ಲಿ ಪರದೆ ಎಳೆದಿರುತ್ತೆ. ನನ್ನ ಮುಖ ನಿಂಗೆ ಕಾಣಲ್ಲ... ಆಗ ಹೇಳ್ತೀನಿ."

"ಇಲ್ಲೇ ಹೇಳು. ಮುಖ ಕಾಣ್ಲಿ."

ಟೂವಾ ಒದ್ದೆ ಮುಖ ಎತ್ತಿದಳು.