ಎರಡು ಬಿಳಿ ಹೂವು

"ನಿಲ್ಲಿ! ಇನ್ನೊಂದು ಹನಿ ಹಾಕಿದ್ರೂ ಅದು ಸತ್ತೇ ಹೋಗುತ್ತೆ!"

ಬೆನ್ನ ಹಿಂದಿನಿಂದ ಬಂದ ದನಿಗೆ ಝೋರ್ನಿತ್ಸಾ ಬೆಚ್ಚಿಬಿದ್ದಳು. ತಿರುಗುವಷ್ಟರಲ್ಲಿ ಒಂದು ದೊಡ್ಡ ಕೈ ಅವಳ ಜಗ್ಗನ್ನು ಹಿಡಿದುಬಿಟ್ಟಿತ್ತು.

"ಪರಿಚಯವಿಲ್ಲದ ಹೆಂಗಸಿನ ಕೈಯಿಂದ ಜಗ್ಗು ಕಿತ್ಕೊಳ್ಳೋದು ಯಾವ ಮರ್ಯಾದೆ?"

"ಅದರ ಪರಿಚಯವಾದ್ರೂ ನಿಮಗಿದೆಯಾ?" ಅವನು ಕಿಟಕಿಯಲ್ಲಿದ್ದ ಪೀಸ್ ಲಿಲಿಯ ಕಡೆ ಗಲ್ಲದಿಂದಲೇ ತೋರಿಸಿದ. ಎಲೆಗಳೆಲ್ಲ ಕುಂಡದ ಅಂಚಿನಾಚೆ ಜೋತುಬಿದ್ದಿದ್ದವು. "ನೀವು ಹಾಕ್ತೀರಿ, ಎದುರು ಮನೆಯವರು ಹಾಕ್ತಾರೆ, ಕೆಳಗಿನ ಮನೆ ಪೇನಾ ಚಿಕ್ಕಮ್ಮ ಉಳಿದ ಚಹಾನೂ ಸುರೀತಾರೆ. ಎಲ್ಲರಿಗೂ ಬೇರೆಯವರು ಮರೆತಿದ್ದಾರೆ ಅನ್ನೋ ಗುಮಾನಿ!"

ರೂಸೆ ಊರಿನ ಆ ಎಂಟಂತಸ್ತಿನ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಮೆಟ್ಟಿಲ ಕಿಟಕಿ ಯಾರೊಬ್ಬರದ್ದೂ ಅಲ್ಲ. ಹಾಗಾಗಿ ಆ ಗಿಡ ಎಲ್ಲರದ್ದೂ ಆಗಿತ್ತು.

ಅವನ ಹೆಸರು ಕಾಮೆನ್. ಟ್ರಾಲಿ ಬಸ್ ಚಾಲಕ, ಐದನೇ ಮಹಡಿಯವನು. ಝೋರ್ನಿತ್ಸಾ ಮೂರನೇ ಮಹಡಿ. ಪರದೆ ಹೊಲಿಯುವ ಕೆಲಸ, ವಯಸ್ಸು ನಲವತ್ತೊಂದು, ಗಂಡ ಬಿಟ್ಟುಹೋಗಿ ಒಂಬತ್ತು ವರ್ಷ.

ನವೆಂಬರಿನ ಆ ದಿನ ಮೆಟ್ಟಿಲ ಮೇಲೆಯೇ ಹಳೇ ಪತ್ರಿಕೆ ಹಾಸಿ, ಕಾಮೆನ್ ಗಿಡವನ್ನು ಕುಂಡದಿಂದ ಎಳೆದ. ಕೊಳೆತ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅವಳು ಮನೆಯಿಂದ ತಂದ ಕತ್ತರಿಯಿಂದಲೇ ಕಪ್ಪಾದ ಬೇರುಗಳನ್ನೆಲ್ಲ ಕತ್ತರಿಸಿದ. ಉಳಿದದ್ದು ಒಂದು ಹಿಡಿ.

"ಬದುಕುತ್ತಾ?" ಅವಳು ಮೆಲ್ಲಗೆ ಕೇಳಿದಳು.

"ನೋಡೋಣ. ಬಾಯಾರಿದ್ರೂ ತಲೆ ಬಾಗಿಸುತ್ತೆ, ನೀರು ಹೆಚ್ಚಾದ್ರೂ ಬಾಗಿಸುತ್ತೆ. ಮೇಲಿಂದ ನೋಡಿದ್ರೆ ಎರಡೂ ಒಂದೇ. ಮಣ್ಣಿಗೆ ಬೆರಳಿಟ್ಟೇ ತಿಳ್ಕೋಬೇಕು."

ಇಷ್ಟು ದೊಡ್ಡ ಕೈಗೆ ಇಷ್ಟು ಮೆತ್ತಗೆ ಮುಟ್ಟೋಕೆ ಯಾರು ಕಲಿಸಿದ್ರು... ಎಂದುಕೊಂಡಳು ಝೋರ್ನಿತ್ಸಾ. ಕೆನ್ನೆ ಬಿಸಿಯಾಯಿತು.

ಮೆಟ್ಟಿಲಲ್ಲಿ ಚಳಿ ಎಂದು ಗಿಡ ಅವನ ಮನೆ ಸೇರಿತು. ಪ್ರತಿ ಗುರುವಾರ ಅವಳು ಅದನ್ನು ನೋಡಲು ಹೋದಳು. ಗಿಡವನ್ನು ಮಾತ್ರ! ಒಂದು ಗುರುವಾರ ಒಣ ಬೀನ್ಸಿನ ಸಾರು ಒಯ್ದಳು, ಇನ್ನೊಂದು ಗುರುವಾರ ಚೀಸ್ ತುಂಬಿ ಪದರಪದರವಾಗಿ ಬೇಯಿಸಿದ ಬಾನಿತ್ಸಾ. ಅವನು ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದ, ಅವಳು ಎಲೆಯ ಕೆಳಗೆ ಅಂಗೈ ಕೊಡುತ್ತಿದ್ದಳು.

"ಆ ಗಿಡಕ್ಕೆ ಹೆಂಗಸಿನ ಸುಖ ಅಂತ ಹೆಸರು ಕಣೇ," ಪೇನಾ ಚಿಕ್ಕಮ್ಮ ಮೆಟ್ಟಿಲಲ್ಲಿ ತಡೆದು ಕಣ್ಣು ಮಿಟುಕಿಸಿದಳು. "ಹೂ ಬಿಟ್ರೆ ಮನೆಗೆ ಗಂಡಸು ಬರ್ತಾನೆ. ನಿನಗೆ ಮಾತ್ರ ಉಲ್ಟಾ, ನೀನೇ ಗಂಡಸಿನ ಮನೆಗೆ ಹತ್ತಿ ಹೋಗ್ತೀಯ!"

ಮಾರ್ಚಿನಲ್ಲಿ ಹೂ ಬಿಟ್ಟಿತು. ಮೂರು ಬಿಳಿ ಹೂವು.

ಏಪ್ರಿಲಿನ ಒಂದು ಬೆಳಗ್ಗೆ ಝೋರ್ನಿತ್ಸಾ ಬಾಗಿಲು ತೆರೆದರೆ ಕುಂಡ ಅವಳ ಹೊಸ್ತಿಲಲ್ಲಿತ್ತು. ಚೀಟಿಯಿಲ್ಲ, ಮಾತಿಲ್ಲ. ಹೂವು... ಒಂದು, ಎರಡು.

ಮತ್ತೆ ಎಣಿಸಿದಳು. ಎರಡೇ.

ಬದುಕಿರುವವರಿಗೆ ಒಂದು ಕೊಡುತ್ತಾರೆ, ಮೂರು ಕೊಡುತ್ತಾರೆ, ಐದು ಕೊಡುತ್ತಾರೆ. ಎರಡು ಹೂವು ಗೋರಿಗೆ. ಇದು ಇಲ್ಲಿ ಮಕ್ಕಳಿಗೂ ಗೊತ್ತು.

'ನನ್ನ ಪಾಲಿಗೆ ನೀನು ಸತ್ತೆ ಅಂತ ಹೇಳ್ತಿದ್ದಾನೆ... ಬಾಯಲ್ಲಿ ಹೇಳೋ ಧೈರ್ಯವೂ ಇಲ್ಲದೆ!'

ಕುಂಡವನ್ನು ಮತ್ತೆ ನಾಲ್ಕನೇ ಮಹಡಿಯ ಕಿಟಕಿಯಲ್ಲಿಟ್ಟು ಬಂದಳು. ಕಾಮೆನ್ ಗದರಿದ ಮೇಲೆ ಬೇರೆ ಯಾರೂ ಅದಕ್ಕೆ ನೀರು ಹಾಕುತ್ತಿರಲಿಲ್ಲ. ಗುರುವಾರ ಹೋಗಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಅದರ ಮುಂದಿನದ್ದೂ ಇಲ್ಲ. ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ಗಿಡ ಬಾಡುತ್ತಿರುವುದು ಕಂಡರೂ ಕಾಣದಂತೆ ನಡೆದಳು.

ಮೂರನೇ ವಾರ ಪೇನಾ ಚಿಕ್ಕಮ್ಮ ಸಿಕ್ಕಳು. ಅವತ್ತು ಕಣ್ಣು ಮಿಟುಕಿಸಲಿಲ್ಲ.

"ಕಾಮೆನ್‌ನ ನೋಡಿದ್ಯಾ? ದೊಡ್ಡಾಸ್ಪತ್ರೆಯಿಂದ ಬರ್ತಿದ್ದ. ಅವನು ಕೋಟು ಹಾಕ್ಕೊಂಡಿರಲಿಲ್ಲ ಮಗಳೇ, ಕೋಟೇ ಅವನನ್ನ ಹೊತ್ಕೊಂಡು ಬರ್ತಿತ್ತು."

ಝೋರ್ನಿತ್ಸಾ ಕುಂಡ ಎತ್ತಿಕೊಂಡು ಐದನೇ ಮಹಡಿಗೆ ಓಡಿದಳು.

ಬಾಗಿಲು ತೆರೆದವನ ಮುಖ ಹಳದಿಯಾಗಿತ್ತು, ಕಣ್ಣಿನ ಬಿಳಿಯೂ. ಅವನು ಅವಳನ್ನು ನೋಡುವ ಮೊದಲು ಮಣ್ಣಿಗೆ ಬೆರಳಿಟ್ಟ.

"ಒಣಗಿಸಿ ಕೊಂದ್ಯಲ್ಲ ಝೋರಿ."

"ಎರಡು ಹೂವು ಕೊಟ್ಟು ಮೊದಲು ಕೊಂದವನು ನೀನು! ಮೂರಿತ್ತು. ನಾನೇ ಎಣಿಸಿದ್ದೆ!"

"ಒಂದನ್ನ ಕತ್ತರಿಸಿದೆ." ಅವನು ಗೋಡೆಗೆ ಒರಗಿದ. "ಬೇಕಂತಲೇ. ನಿನಗೆ ಸಿಟ್ಟು ಬರಲಿ ಅಂತ. ಸಿಟ್ಟಾದವಳು ಅಳಲ್ಲ ಅಂದ್ಕೊಂಡೆ. ಮೇದೋಜೀರಕದ ಗಂಟು... ಕತ್ತರಿಸೋಕೂ ಆಗಲ್ಲವಂತೆ. ಶರತ್ಕಾಲದವರೆಗೆ ಇರ್ತೀನಿ ಅಂತ ಡಾಕ್ಟರೂ ಹೇಳಲಿಲ್ಲ."

ಮೂರು ವಾರ! ಇದ್ದದ್ದೇ ಕೆಲವು ತಿಂಗಳು, ಅದರಲ್ಲಿ ಮೂರು ವಾರವನ್ನು ನಾನು ಒಂದು ಹೂವಿನ ಲೆಕ್ಕಕ್ಕೆ ಸುಟ್ಟುಬಿಟ್ಟೆ...

ಅವಳು ಅಳಲಿಲ್ಲ. ಸುಮ್ಮನೆ ಬಕೆಟ್ಟಿಗೆ ನೀರು ತುಂಬಿ ಕುಂಡವನ್ನು ಮುಳುಗಿಸಿದಳು. ಮಣ್ಣಿನಿಂದ ಗುಳ್ಳೆಗಳೆದ್ದವು. ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕುಳಿತು ಅದನ್ನೇ ನೋಡಿದರು. ಸಂಜೆಯಾಗುವಷ್ಟರಲ್ಲಿ ಎಲೆಗಳು ಒಂದೊಂದಾಗಿ ತಲೆಯೆತ್ತಿದವು. ಅದನ್ನು ಕಂಡು ಅವಳಿಗೆ ಸಂತೋಷವಾಗಲಿಲ್ಲ. ಗಿಡಕ್ಕೆ ನೀರು ಸಾಕಾಯಿತು. ಇವನಿಗೆ ಏನು ಸಾಕು?

"ಮನೆಗೆ ಹೋಗು ಝೋರಿ. ಇನ್ನು ನೋಡೋಕೆ ಚೆನ್ನಾಗಿರಲ್ಲ."

"ಸೋಮವಾರ ಪುರಸಭೆಗೆ ಹೋಗಿ ಮದುವೆಗೆ ಅರ್ಜಿ ಕೊಡೋಣ."

ಅವನು ನಕ್ಕ. ನಗು ನೋವಿನಲ್ಲಿ ಮುರಿಯಿತು. "ವಿಧವೆ ಆಗೋಕೆ ಅಷ್ಟು ಆತುರಾನಾ?"

"ಹೌದು. ಸತ್ತವರಿಗೆಲ್ಲ ಮಾಡೋ ಹಾಗೆ ಒಂದು ದಿನ ಕೆಳಗಿನ ಬಾಗಿಲಿಗೆ ಫೋಟೋ ಹಾಕಿದ ನಿನ್ನ ಸಾವಿನ ಕಾಗದ ಅಂಟಿಸ್ತಾರಲ್ಲ, ಅದರ ಕೊನೆಯಲ್ಲಿ 'ದುಃಖದಲ್ಲಿರುವ ನೆರೆಹೊರೆಯವರು' ಅಂತ ಇದ್ರೆ ನಾನು ಸಹಿಸಲ್ಲ. 'ಹೆಂಡತಿ' ಅಂತಿರಬೇಕು. ನಿನ್ನನ್ನ ಪ್ರೀತಿಸ್ತೀನಿ ಕಣೋ. ನವೆಂಬರಿನಿಂದ!"

ಕಾಮೆನ್ ಅವಳ ಭುಜಕ್ಕೆ ತಲೆಯಿಟ್ಟ. ಆ ತಲೆ ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಭಯವಾಯಿತು.

"ನಾನೂ," ಅಂದ. "ಆದ್ರೆ ಆ ಕಾಗದಕ್ಕೆ ಬಸ್ ಪಾಸಿನ ಫೋಟೋ ಹಾಕಿಸ್ಬೇಡ. ಅದರಲ್ಲಿ ಕಿವಿ ದೊಡ್ಡದಾಗಿ ಕಾಣುತ್ತೆ."

"ನಿನ್ನ ಕಿವಿ ಇರೋದೇ ದೊಡ್ಡದು."

"ನಾಳೆ ಸ್ಟುಡಿಯೋಗೆ ಹೋಗಿ ತೆಗೆಸೋಣ. ನಾನು ಇನ್ನೂ ನಾನಿರುವಾಗಲೇ. ಇಬ್ಬರದೂ."

"ಸಾವಿನ ಕಾಗದಕ್ಕೆ ಇಬ್ಬರ ಫೋಟೋ ಹಾಕಲ್ಲ, ಹುಚ್ಚ."

"ಗೊತ್ತು," ಕಾಮೆನ್ ಕಣ್ಣು ಮುಚ್ಚಿಕೊಂಡೇ ಹೇಳಿದ. "ಅದು ಮದುವೆದು."