ನಯನಾಳ ಫಾಲಿಕಲ್ ಏಕೆ ಬೆಳೆಯಲಿಲ್ಲ

"ಡಾಕ್ಟ್ರಮ್ಮ, ನಾನು ಪಪ್ಪಾಯಿ ತಿಂದ್ಬಿಟ್ಟೆ. ಅದಕ್ಕೇ ಹಿಂಗಾಯ್ತಾ?"

ನಯನಾ ಸಹಕಾರನಗರದ ನಮ್ಮ ಮನೆಯ ಸೋಫಾ ತುದಿಯಲ್ಲಿ ಕುಳಿತು ಕೇಳಿದಳು. ನನ್ನನ್ನಲ್ಲ ಬಿಡಿ, ಸರಳಾಳನ್ನು. ನಿವೃತ್ತ ಪಶುವೈದ್ಯೆ ಸರಳಾ ನಮ್ಮ ಮಹಡಿಗೆ ಬಾಡಿಗೆಗೆ ಬಂದ ಮೇಲೆ ಸುತ್ತಮುತ್ತಲಿನ ಕಳವು, ಗುಟ್ಟು ಎಲ್ಲವೂ ಅವಳ ಬಳಿಗೇ ಬರುತ್ತವೆ. ಕಾಫಿ ಮಾಡುವುದು ಮಾತ್ರ ಈ ಗೋಪಾಲಮ್ಮನ ಪಾಲು.

ನಯನಾಳ ಅತ್ತೆ ಮನೆ ಹುಣಸಮಾರನಹಳ್ಳಿ. ಅವರ ಹಸುಗಳಿಗೆ ಸರಳಾಳೇ ಔಷಧಿ ಕೊಟ್ಟವಳು. ಈಗ ಮಗುವಿಗಾಗಿ ನಯನಾ, ಗಂಡ ಅಶ್ವತ್ಥ್ ತಂದುಕೊಟ್ಟ ಹಾರ್ಮೋನ್ ಇಂಜೆಕ್ಷನ್ ದಿನವೂ ಸಂಜೆ ಚುಚ್ಚಿಕೊಂಡಿದ್ದಳು. ಆದರೂ ಅಂಡಾಣು ಬೆಳೆಯುವ ಚೀಲ, ಅಂದರೆ ಫಾಲಿಕಲ್, ಒಂದೂ ದೊಡ್ಡದಾಗಿರಲಿಲ್ಲ.

"ಅಂಡಾಶಯ ಮುಗೀತು, ಬೇರೆಯವರ ಅಂಡಾಣು ತಗೊಳ್ಳಿ ಅಂತಿದಾರೆ ಆಸ್ಪತ್ರೇಲಿ. ಈ ವಾರನೇ ಹೇಳ್ಬೇಕಂತೆ. ಅಶ್ವತ್ಥ್ ಮುಖ ಕೊಟ್ಟೇ ಮಾತಾಡ್ತಿಲ್ಲ. ತಪ್ಪು ನಂದೇ ಇರ್ಬೇಕು."

ಸರಳಾ ರಿಪೋರ್ಟುಗಳನ್ನು ಹರಡಿಕೊಂಡಳು. "ಮೊದಲ ಸ್ಕ್ಯಾನ್‌ನಲ್ಲಿ ಪುಟ್ಟ ಫಾಲಿಕಲ್ ಬೇಕಾದಷ್ಟಿವೆ. ರಕ್ತದಲ್ಲಿ ಎಫ್‌ಎಸ್‌ಎಚ್ ಹಾರ್ಮೋನೂ ಸರಿಯಾಗಿದೆ. ಆದ್ರೆ ಅದೇ ಹಾರ್ಮೋನ್ ಚುಚ್ಚಿಕೊಂಡ ಮೇಲೂ ಅದು ಏರೇ ಇಲ್ಲ!"

ಆಮೇಲೆ ನಯನಾ ತಂದಿದ್ದ ಔಷಧಿ ಡಬ್ಬಿ ಮೂಸಿ ನನ್ನ ಕೈಗಿಟ್ಟಳು. ಹೊಗೆ ವಾಸನೆ. ನನ್ನ ಬೆರಳೆಲ್ಲ ಕಪ್ಪಾಯಿತು.

"ಫ್ರಿಜ್ಜಿಂದ ತೆಗೆದಾಗ ತಣ್ಣಗಿರ್ತಿತ್ತಾ?"

"ಕೆಲವು ಸಲ ಬೆಚ್ಚಗಿತ್ತು. ನಾನು ಪಾಠ ಮಾಡೋಕೆ ಸ್ಕೂಲಿಗೆ ಹೋದಾಗ ಕರೆಂಟ್ ಹೋಗಿರ್ಬೇಕು ಅಂದ್ಕೊಂಡೆ."

"ಔಷಧಿ ತಂದೋನು ಗಂಡ ತಾನೇ? ನಕಲಿ ತಂದಿರ್ತಾನೆ ಕಣೇ!" ಎಂದೆ ನಾನು. ನನ್ನ ಬಾಯಿಗಿಷ್ಟು!

ಮರುದಿನ ಹುಣಸಮಾರನಹಳ್ಳಿಗೆ ಹೋದೆವು. ಬಾಗಿಲು ತೆರೆದ ಅತ್ತೆ ಪಟಾಲಮ್ಮ ಸರಳಾಳ ಮುಖ ನೋಡಲಿಲ್ಲ. ಫ್ರಿಜ್ಜಿನಲ್ಲಿ ಬೆಳ್ಳಿ ಚೊಂಬು, ಮೇಲೊಂದು ತುಳಸಿ ದಳ. ನೈವೇದ್ಯದ ಹಾಲಂತೆ. ಸರಳಾ ಕಾಲು ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋದಳು. ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ಒಲೆಯ ಮೇಲಿನ ಗೂಡೆಲ್ಲ ಮಸಿ, ಡಬ್ಬಿಯಷ್ಟು ಜಾಗ ಮಾತ್ರ ಬೆಳ್ಳಗೆ.

ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದಳು.

"ಮೆದುಳಿನ ಕೆಳಗಿನ ಪುಟ್ಟ ಗ್ರಂಥಿ ಎಫ್‌ಎಸ್‌ಎಚ್ ಕಳಿಸಿ ಫಾಲಿಕಲ್‌ಗೆ 'ಬೆಳಿ' ಅನ್ನುತ್ತೆ. ಬೆಳೆದ ಫಾಲಿಕಲ್ ಈಸ್ಟ್ರೋಜನ್ ಕಳಿಸಿ 'ಸಾಕು' ಅನ್ನುತ್ತೆ. ಹಸುಗೂ ಹಿಂಗೇ, ನಮಗೂ ಹಿಂಗೇ. ಅಂಡಾಶಯ ಸೋತಿದ್ರೆ 'ಸಾಕು' ಅನ್ನೋರಿಲ್ಲದೆ ಗ್ರಂಥಿ ಇನ್ನೂ ಜಾಸ್ತಿ ಸುರಿಯುತ್ತೆ. ನಯನಾಗೆ ಹಾಗಾಗಿಲ್ಲ. ಹೊರಗಿಂದ ಕೊಟ್ಟಿದ್ದೂ ರಕ್ತದಲ್ಲಿ ಕಾಣ್ಲಿಲ್ಲ. ಅಂದ್ರೆ ಔಷಧಿನೇ ಸತ್ತಿತ್ತು. ನಕಲಿ ಆಗಿದ್ರೆ ಡಬ್ಬಿಗೆ ಮಸಿ ಯಾಕೆ? ಶಾಖಕ್ಕೆ ಮೊಟ್ಟೆ ಬೆಂದಂಗೆ ಬೆಂದಿದೆ. ಹಗಲು ಮನೇಲಿ ಇರೋರು ಒಬ್ರೇ. ಪಟಾಲಮ್ಮ, ಯಾಕೆ ತೆಗೆದಿಟ್ರಿ?"

ಅಶ್ವತ್ಥ್ ತಲೆ ತಗ್ಗಿಸಿದ. "ತಪ್ಪು ನಂದು. ಇದನ್ನ ವಯಸ್ಸಾದ ಹೆಂಗಸರ ಮೂತ್ರದಿಂದ ಮಾಡ್ತಾರೆ ಕಣಮ್ಮ ಅಂತ ತಮಾಷೆಗೆ ಹೇಳಿದ್ದೆ. ಸ್ಕ್ಯಾನ್ ಆದಾಗಿಂದ ಅಮ್ಮನೇ ಏನೋ ಮಾಡಿರ್ಬೇಕು ಅಂತ ಅನುಮಾನ. ಅಮ್ಮನ್ನ ಕೇಳೋಕೆ ಭಯ ಆಯ್ತು."

"ದೇವ್ರ ಆಲಿನ ಪಕ್ಕ ಎಂಗವ್ವ ಇಡ್ಲಿ?" ಪಟಾಲಮ್ಮನ ದನಿ ಒಡೆಯಿತು. "ಬೆಳಿಗ್ಗೆ ಬಚ್ಚಲ ಗೂಡಿಗಿಟ್ಟು, ಇವ್ಳು ಬರೋ ಒತ್ಗೆ ತಿರ್ಗಾ ಇಡ್ತಿದ್ದೆ. ಜಗಳ ಬ್ಯಾಡ ಅಂತ ಇಂಗೆ ಮಾಡ್ದೆ. ಔಸ್ದಿ ಕೆಡ್ತದೆ ಅಂತ ಗೊತ್ತಿರ್ಲಿಲ್ಲ."

ಸುಮ್ಮನೆ ಅಶ್ವತ್ಥನ ಮೇಲೆ ಗೂಬೆ ಕೂರಿಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

"ಅದು ಯಾರ್ದು ಡಾಕ್ಟ್ರಮ್ಮ?" ಪಟಾಲಮ್ಮ ಮೆಲ್ಲಗೆ ಕೇಳಿದಳು. "ಆ ವಯಸ್ಸಾದೋರು?"

"ಮುಟ್ಟು ನಿಂತೋರು. 'ಸಾಕು' ಅನ್ನೋರಿಲ್ಲ ನೋಡಿ, ಅವರ ಮೈಯಲ್ಲಿ ಎಫ್‌ಎಸ್‌ಎಚ್ ತುಂಬಿ ಮೂತ್ರದಲ್ಲೂ ಹರಿಯುತ್ತೆ. ನಿಮ್ಮಲ್ಲೂ ಇದೆ, ನಮ್ಮಲ್ಲೂ ಇದೆ."

"ನನ್ನಂಥೋರು ಕೊಟ್ಟಿದ್ದನ್ನೇ ನಾನು ಸುಟ್ನಾ?" ಪಟಾಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಯನಾ ಒಂದೇ ಸಮ ಅಳತೊಡಗಿದಳು. "ಹಂಗಾದ್ರೆ ಪಪ್ಪಾಯಿ ಅಲ್ಲ. ನಾನಲ್ಲ."

"ನೀನಲ್ಲ ಕಣಮ್ಮ," ಎಂದಳು ಸರಳಾ. "ನಿಮ್ಮ ಡಾಕ್ಟರಿಗೆ ನಾನೇ ಹೇಳ್ತೀನಿ. ಇನ್ನೊಂದು ಸಲ ಪ್ರಯತ್ನ ಮಾಡೋಕೆ ಕಾರಣ ಇದೆ."

ನಯನಾ ಕಣ್ಣೊರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. "ಮುಂದಿನ ಸಲ ಫ್ರಿಜ್ಜಿಗೆ ಬೀಗ ಹಾಕ್ತೀನಿ ಅತ್ತೆ."

"ಆಕವ್ವ," ಎಂದಳು ಪಟಾಲಮ್ಮ, ಸೆರಗು ತೆಗೆಯದೆಯೇ. "ನಾನು ಕಾಡಿ ಬೇಡಿ ಕೇಳಿದ್ರೂ ಬೀಗದಕೈ ಕೊಡ್ಬ್ಯಾಡ."